ಲೆಮೂರಿಯಾ: ಸರಿಯಾದ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರ

ದಕ್ಷಿಣ ಕರ್ನಾಟಕದ ಕುರುಚಲು ಕಾಡುಗಳಲ್ಲಿ, ಹಳೆಯ ತೋಪುಗಳ ಅಂಚಿನಲ್ಲಿ ರಾತ್ರಿ ಹೊತ್ತು ಮೆಲ್ಲಗೆ ಕೊಂಬೆಯಿಂದ ಕೊಂಬೆಗೆ ಸರಿಯುವ ಕಾಡುಪಾಪ ಒಂದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪ್ರಾಣಿ. ಅದಕ್ಕೆ ಬಾಲವಿಲ್ಲ, ಕೈಕಾಲು ಸಣಕಲು, ಮುಖದ ಮುಕ್ಕಾಲು ಪಾಲು ದುಂಡು ಕಣ್ಣುಗಳೇ. ಇದರ ಬಳಗದ ಪ್ರಾಣಿಗಳು ಶ್ರೀಲಂಕಾದಲ್ಲಿವೆ, ಆಫ್ರಿಕದ ಕಾಡುಗಳಲ್ಲಿವೆ. ಸ್ವಲ್ಪ ದೂರದ ನೆಂಟರಾದ ಲೀಮರ್‌ಗಳು ಮಡಗಾಸ್ಕರ್ ದ್ವೀಪವನ್ನೇ ತುಂಬಿಕೊಂಡಿವೆ. ಭಾರತಕ್ಕೂ ಮಡಗಾಸ್ಕರ್‌ಗೂ ನಡುವೆ ಸುಮಾರು 4,000 ಕಿಲೋಮೀಟರ್ ಸಮುದ್ರ. ಈಜು ಬಾರದ, ಮರ ಬಿಟ್ಟು ಇಳಿಯಲು ಹಿಂಜರಿಯುವ ಈ ಪ್ರಾಣಿಗಳು ಸಾಗರದ ಎರಡೂ ದಡಗಳಲ್ಲಿ ಹೇಗೆ ನೆಲೆಯಾದವು? ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿಯಾಗಿದ್ದ ಫಿಲಿಪ್ ಲಟ್ಲಿ ಸ್ಕ್ಲೇಟರ್ 1864ರಲ್ಲಿ ಮಡಗಾಸ್ಕರ್‌ನ ಸಸ್ತನಿಗಳನ್ನು ಕುರಿತ ಲೇಖನದಲ್ಲಿ ಈ ಪ್ರಶ್ನೆ ಎತ್ತಿದ. ಅವನ ಲೆಕ್ಕದಲ್ಲಿ ಮಡಗಾಸ್ಕರ್‌ನಲ್ಲಿ ಈ ವರ್ಗದ 30 ಪ್ರಭೇದಗಳಿದ್ದರೆ ಇಡೀ ಆಫ್ರಿಕದಲ್ಲಿ 11 ಅಥವಾ 12, ಭಾರತದ ಕಡೆ ಮೂರೇ ಮೂರು. ಹಾಗಾದರೆ ಇವುಗಳ ತವರು ಈಗ ಸಮುದ್ರವಿರುವ ಜಾಗದಲ್ಲೇ ಇರಬೇಕು, ಅಲ್ಲೊಂದು ಖಂಡವಿದ್ದು ಒಡೆದು ಮುಳುಗಿರಬೇಕು ಎಂದು ಅವನು ತೀರ್ಮಾನಿಸಿದ. ಆ ಖಂಡಕ್ಕೆ ಲೀಮರ್‌ಗಳ ಹೆಸರನ್ನೇ ಕೊಟ್ಟು ಲೆಮೂರಿಯಾ ಎಂದು ಕರೆದ.

ಇಂದು ಲೆಮೂರಿಯಾ ಎಂದರೆ ಒಂದು ನಗು, ಇಲ್ಲವೇ ಒಂದು ರೋಮಾಂಚನ. ವಿಜ್ಞಾನದ ಪಾಠ ಹೇಳುವವರು ಅದನ್ನು ಹಳೆಯ ಕಾಲದ ಅಜ್ಞಾನವೆಂದು ದಾಟಿಸಿಬಿಡುತ್ತಾರೆ. ರಹಸ್ಯಗಳ ವ್ಯಾಪಾರಿಗಳು ಅದನ್ನು ಮುಚ್ಚಿಟ್ಟ ಸತ್ಯವೆಂದು ಮಾರುತ್ತಾರೆ. ಇಬ್ಬರೂ ಇತಿಹಾಸಕ್ಕೆ ಅನ್ಯಾಯ ಮಾಡುತ್ತಿದ್ದಾರೆ. ಲೆಮೂರಿಯಾ ಹುಟ್ಟಿದ್ದು ಒಳ್ಳೆಯ ಪುರಾವೆಗಳಿಂದ; ಅದನ್ನು ಅಸಾಧ್ಯವಾಗಿಸಿದ್ದೂ ಅಷ್ಟೇ ಒಳ್ಳೆಯ ಪುರಾವೆಗಳು. ಸೋಜಿಗವೆಂದರೆ ಆ ಖಂಡವನ್ನು ಅಲ್ಲಗಳೆಯಲು ಬೇಕಾದ ಅಳತೆ ಸ್ಕ್ಲೇಟರ್ ಲೇಖನ ಬರೆಯುವ ಒಂಬತ್ತು ವರ್ಷ ಮೊದಲೇ ಅಚ್ಚಾಗಿತ್ತು, ಅದೂ ಭಾರತದ ನೆಲದಲ್ಲೇ ಮಾಡಿದ ಅಳತೆ. ಎರಡು ಸತ್ಯಗಳು ಒಂದೇ ದೇಶದಿಂದ ಹೊರಟು ಅರ್ಧ ಶತಮಾನ ಒಂದನ್ನೊಂದು ಭೇಟಿಯಾಗಲಿಲ್ಲ. ಒಂದು ಸತ್ಯವನ್ನು ಹಿಡಿದವರು ಅದರಿಂದಲೇ ಇನ್ನೊಂದನ್ನು ಹೊಡೆದು ಹಾಕುತ್ತಿದ್ದರು. ಕಳೆದುಹೋದ ಖಂಡಗಳ ಚರಿತ್ರೆಯ ತಿರುಳು ಇಲ್ಲಿದೆ.

ಮೊದಲು ಸ್ಕ್ಲೇಟರನ ಕಾಲದವರಿಗೆ ಖಂಡವೊಂದು ಮುಳುಗುವುದು ಯಾಕೆ ಸಹಜವೆನಿಸಿತು ಎಂಬುದನ್ನು ನೋಡಬೇಕು. ಬೆಟ್ಟದ ನೆತ್ತಿಯಲ್ಲಿ ಸಮುದ್ರದ ಚಿಪ್ಪುಗಳು ಸಿಗುತ್ತಿದ್ದವು. ಅಂದಮೇಲೆ ಸಮುದ್ರದ ತಳ ಮೇಲೇಳುತ್ತದೆ ಎಂಬುದು ಕಣ್ಣೆದುರಿನ ಸಂಗತಿ. ಚಾರ್ಲ್ಸ್ ಲಯೆಲ್ 1830ರ ದಶಕದಲ್ಲಿ ಪ್ರಕಟಿಸಿದ ಭೂವಿಜ್ಞಾನದ ಗ್ರಂಥ ಇದನ್ನೇ ಕಲಿಸಿತ್ತು: ನೆಲ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಸ್ವೀಡನ್ನಿನ ಕರಾವಳಿ ಏರುತ್ತಿರುವುದನ್ನು ಲಯೆಲ್ ಸ್ವತಃ ಹೋಗಿ ನೋಡಿ ಬಂದಿದ್ದ. ನೆಲ ಏರುವುದಾದರೆ ಇಳಿಯಲೂ ಬೇಕಷ್ಟೆ. ಇದರ ಜೊತೆಗೆ ಭೂಮಿ ಒಂದು ಕಾಲದಲ್ಲಿ ಕಾದ ಗೋಳವಾಗಿದ್ದು ಆರುತ್ತಾ ಕುಗ್ಗುತ್ತಿದೆ ಎಂಬ ಲೆಕ್ಕಾಚಾರವೂ ಇತ್ತು. ಒಳಗಿನ ಗೋಳ ಕುಗ್ಗಿದಾಗ ಮೇಲಿನ ತೊಗಟೆ ಕೆಲವೆಡೆ ಮಡಿಕೆ ಬಿದ್ದು ಪರ್ವತವಾಗುತ್ತದೆ, ಕೆಲವೆಡೆ ಕುಸಿದು ಸಾಗರವಾಗುತ್ತದೆ. ವಿಯೆನ್ನಾದ ಎಡ್ವರ್ಡ್ ಸ್ಯೂಸ್ ಈ ವಾದವನ್ನು ಅದರ ತುತ್ತತುದಿಗೆ ಒಯ್ದ. ನೆಲ ಅಡ್ಡಡ್ಡ ಸಾವಿರಾರು ಕಿಲೋಮೀಟರ್ ಜರುಗಬಹುದೆಂದು ಆಗ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ನೆಲ ಲಂಬವಾಗಿ ಕುಸಿಯುವುದನ್ನು ನಂಬದಿರಲು ಕಾರಣವೇ ಇರಲಿಲ್ಲ. ಎರಡು ದೂರದ ದಡಗಳಲ್ಲಿ ಒಂದೇ ಜೀವಿ ಕಂಡರೆ ನಡುವಿನ ನೆಲ ಕುಸಿದಿದೆ ಎನ್ನುವುದು ಆ ಚೌಕಟ್ಟಿನೊಳಗೆ ಎಲ್ಲಕ್ಕಿಂತ ಸಂಯಮದ ಊಹೆಯಾಗಿತ್ತು.

ಲೆಮೂರಿಯಾಕ್ಕೆ ಗಟ್ಟಿ ಆಧಾರ ಒದಗಿಸಿದ್ದು ಪ್ರಾಣಿಗಳಿಗಿಂತ ಕಲ್ಲುಗಳು. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮೊದಲು ಹುಡುಕಿದ್ದು ಕಲ್ಲಿದ್ದಲನ್ನು. 1856ರಲ್ಲಿ ಒರಿಸ್ಸಾದ ತಾಲ್ಚೇರ್ ಕಲ್ಲಿದ್ದಲು ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಮತ್ತು ಹೆನ್ರಿ ಬ್ಲ್ಯಾನ್‌ಫೋರ್ಡ್ ಸಹೋದರರ ತಂಡ ಇದ್ದಲಿನ ಪದರಗಳ ಕೆಳಗೆ ಒಂದು ವಿಚಿತ್ರ ಪದರ ಕಂಡಿತು. ನಯವಾದ ಕೆಸರಿನಿಂದಾದ ಕಲ್ಲಿನೊಳಗೆ ದೊಡ್ಡ ದೊಡ್ಡ ಬಂಡೆಗುಂಡುಗಳು ಹುದುಗಿದ್ದವು. ಹೊಳೆ ಬಂಡೆಯನ್ನು ಉರುಳಿಸುವಷ್ಟು ರಭಸವಾಗಿ ಹರಿದರೆ ನಯವಾದ ಕೆಸರು ಅಲ್ಲಿ ನಿಲ್ಲುವುದಿಲ್ಲ. ಕೆಸರು ತಂಗುವಷ್ಟು ಶಾಂತವಾದ ನೀರು ಬಂಡೆಯನ್ನು ಹೊತ್ತು ತರಲಾರದು. ಎರಡನ್ನೂ ಒಟ್ಟಿಗೆ ತರಬಲ್ಲದ್ದು ಹಿಮ ಮಾತ್ರ. ಬಿಸಿಲಿಗೆ ಹೆಸರಾದ ಒರಿಸ್ಸಾದಲ್ಲಿ ಒಂದು ಕಾಲಕ್ಕೆ ಹಿಮವಿತ್ತು ಎಂದು ಅವರು ಧೈರ್ಯವಾಗಿ ಬರೆದರು. ಆ ಹಿಮದ ಪದರದ ಮೇಲೆ ಬರುವ ಇದ್ದಲಿನ ಪದರಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ನಾಲಗೆಯಾಕಾರದ ಎಲೆಗಳ ಅಚ್ಚುಗಳು ಕಿಕ್ಕಿರಿದಿದ್ದವು. ಅದೇ ಗಿಡ ಆಸ್ಟ್ರೇಲಿಯದಲ್ಲೂ ಇದೆ ಎಂಬುದು 1828ರಲ್ಲಿ ಫ್ರಾನ್ಸಿನ ಅಡಾಲ್ಫ್ ಬ್ರಾಂನ್ಯಾರ್ ಅದಕ್ಕೆ ಹೆಸರಿಟ್ಟಾಗಲೇ ಗೊತ್ತಿತ್ತು. ದಕ್ಷಿಣ ಆಫ್ರಿಕದಲ್ಲೂ ಸಿಕ್ಕಿತು. ಹಿಮದ ಪದರವೂ ಆ ಎಲ್ಲ ಕಡೆ ಇತ್ತು. ಹೆನ್ರಿ ಬ್ಲ್ಯಾನ್‌ಫೋರ್ಡ್ 1875ರಲ್ಲಿ ಇವನ್ನೆಲ್ಲ ಜೋಡಿಸಿ, ಹಿಂದೂ ಮಹಾಸಾಗರದ ಜಾಗದಲ್ಲಿ ಭಾರತವನ್ನೂ ಆಫ್ರಿಕವನ್ನೂ ಕೂಡಿಸುವ ಖಂಡವಿತ್ತೆಂದು ವಾದಿಸಿದ. ಹತ್ತು ವರ್ಷದ ಮೇಲೆ, 1885ರಲ್ಲಿ, ಸ್ಯೂಸ್ ಭಾರತದ ಸರ್ವೇಕ್ಷಣೆಯವರು ಈ ಕಲ್ಲುಗಳಿಗೆ ಕೊಟ್ಟಿದ್ದ ಗೊಂಡ್ವಾನ ಎಂಬ ಹೆಸರನ್ನೇ ತೆಗೆದುಕೊಂಡು ಗೊಂಡ್ವಾನ ಭೂಮಿ ಎಂಬ ಮಹಾಖಂಡವನ್ನು ಕಲ್ಪಿಸಿದ. ಮಡಗಾಸ್ಕರ್, ಆಫ್ರಿಕ, ಭಾರತ ಅದರ ಉಳಿಕೆಗಳು. ಮಿಕ್ಕದ್ದು ಸಮುದ್ರದ ಪಾಲು.

ಈಗ ಅದೇ ಭಾರತದಲ್ಲಿ ನಡೆದ ಇನ್ನೊಂದು ಕೆಲಸವನ್ನು ನೋಡೋಣ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಶುರುಮಾಡಿದ ಮಹಾ ತ್ರಿಕೋನಮಿತಿ ಸರ್ವೆ, ಅವನ ನಂತರ ಜಾರ್ಜ್ ಎವರೆಸ್ಟ್‌ನ ಕೈಯಲ್ಲಿ ಹಿಮಾಲಯದ ಬುಡದವರೆಗೆ ಮುಟ್ಟಿತು. ಮಧ್ಯಭಾರತದ ಕಲ್ಯಾಣಪುರ ಮತ್ತು ಹಿಮಾಲಯಕ್ಕೆ ಹತ್ತಿರದ ಕಲಿಯಾನಾ, ಈ ಎರಡು ಠಾಣೆಗಳ ನಡುವಿನ ಅಕ್ಷಾಂಶದ ಅಂತರವನ್ನು ನೆಲದ ಮೇಲೆ ತ್ರಿಕೋನಗಳಿಂದ ಅಳೆದಾಗ ಒಂದು ಉತ್ತರ ಬಂತು, ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದಾಗ ಇನ್ನೊಂದು. ವ್ಯತ್ಯಾಸ 5.236 ಸೆಕೆಂಡು ಕೋನ, ನೆಲದ ಮೇಲೆ ಹೇಳುವುದಾದರೆ 160 ಮೀಟರ್ ಆಸುಪಾಸು. ನಕ್ಷತ್ರ ನೋಡುವವರು ನೆತ್ತಿಯ ನೇರವನ್ನು ತೂಗುಗುಂಡಿನಿಂದ ಗುರುತಿಸುತ್ತಾರೆ. ಹಿಮಾಲಯದ ರಾಶಿ ಆ ಗುಂಡನ್ನು ತನ್ನ ಕಡೆಗೆ ಎಳೆದಿರಬೇಕು ಎಂದು ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್ ಯೋಚಿಸಿದ. ಪರ್ವತದ ಗಾತ್ರ ಹಿಡಿದು ಎಳೆತವನ್ನು ಲೆಕ್ಕ ಹಾಕಿದರೆ ಬಂದದ್ದು 15.885 ಸೆಕೆಂಡು, ಅಂದರೆ ಕಂಡದ್ದರ ಮೂರು ಪಟ್ಟು. ಹಿಮಾಲಯ ತನ್ನ ಗಾತ್ರಕ್ಕೆ ತಕ್ಕಂತೆ ಎಳೆಯುತ್ತಿರಲಿಲ್ಲ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿ 1855ರಲ್ಲಿ ಇದಕ್ಕೆ ಕಾರಣ ಕೊಟ್ಟ. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಯಾವುದು ಮೇಲೆ ಹೆಚ್ಚು ಎದ್ದಿರುತ್ತದೋ ಅದು ಕೆಳಗೂ ಹೆಚ್ಚು ಮುಳುಗಿರುತ್ತದೆ. ಹಾಗೆಯೇ ಪರ್ವತದ ಅಡಿಯಲ್ಲಿ ಹಗುರ ಕಲ್ಲಿನ ಆಳವಾದ ಬೇರಿದೆ, ಅದು ಭಾರವಾದ ಒಳಪದರದ ಮೇಲೆ ತೇಲುತ್ತಿದೆ. ಪರ್ವತದ ಮೇಲಿನ ಹೆಚ್ಚುವರಿ ತೂಕ ಬೇರಿನ ಹಗುರದಿಂದ ಸರಿದೂಗುತ್ತದೆ. ಇದನ್ನೇ ಮುಂದೆ ಐಸೊಸ್ಟಸಿ ಎಂದು ಕರೆದರು.

ಈ ಅಳತೆಯಿಂದ ಒಂದು ನೇರ ತೀರ್ಮಾನ ಹೊರಡುತ್ತದೆ. ಖಂಡಗಳು ಎತ್ತರದಲ್ಲಿರುವುದು ಹಗುರವಾಗಿರುವುದರಿಂದ. ಹಗುರವಾದದ್ದು ಅಂಚಿನಲ್ಲಿ ಸ್ವಲ್ಪ ತಗ್ಗಬಹುದು, ಮೇಲೆ ಸಮುದ್ರದ ನೀರು ನೂರಿನ್ನೂರು ಮೀಟರ್ ಏರಬಹುದು. ಆದರೆ ಇಡೀ ಖಂಡ ನಾಲ್ಕು ಕಿಲೋಮೀಟರ್ ಆಳದ ಸಾಗರದ ತಳವಾಗಿ ಇಳಿಯಲು ಸಾಧ್ಯವಿಲ್ಲ. ಹಾಗೆ ಇಳಿಸಲು ಬೇಕಾದ ಭಾರ ಅದಕ್ಕಿಲ್ಲ. 1855ರ ಈ ಮಾತನ್ನು ಕೇಳಿಸಿಕೊಂಡಿದ್ದರೆ 1864ರ ಲೆಮೂರಿಯಾಕ್ಕೆ ಮುಳುಗುವ ದಾರಿಯೇ ಇರುತ್ತಿರಲಿಲ್ಲ. ಆದರೆ ಪ್ರ್ಯಾಟ್ ಮತ್ತು ಏರಿಯ ಲೇಖನಗಳನ್ನು ಓದಿದವರು ನಕ್ಷೆ ಮಾಡುವವರು, ಖಗೋಳಜ್ಞರು. ಅವರಿಗೆ ಅದು ಸರ್ವೆಯ ತಪ್ಪು ತಿದ್ದುವ ಉಪಾಯ ಮಾತ್ರ. ಸ್ಕ್ಲೇಟರ್ ಓದುತ್ತಿದ್ದುದು ಹಕ್ಕಿ, ಪ್ರಾಣಿಗಳ ಪಟ್ಟಿಗಳನ್ನು; ಬ್ಲ್ಯಾನ್‌ಫೋರ್ಡ್ ನೋಡುತ್ತಿದ್ದುದು ಎಲೆಯ ಅಚ್ಚುಗಳನ್ನು. ಒಂದೇ ಸರ್ಕಾರದ ಸಂಬಳ ತಿನ್ನುತ್ತಿದ್ದ ಎರಡು ಇಲಾಖೆಗಳು, ಒಂದು ನೆಲದ ತೂಕ ಅಳೆಯುತ್ತಾ, ಇನ್ನೊಂದು ನೆಲದ ವಯಸ್ಸು ಓದುತ್ತಾ, ಪರಸ್ಪರ ವಿರುದ್ಧವಾದ ತೀರ್ಮಾನಗಳಿಗೆ ಕಾರಣವಾದವು. ಆ ವಿರೋಧ ಯಾರ ಮೇಜಿನ ಮೇಲೂ ಪ್ರಶ್ನೆಯಾಗಿ ಬಂದು ಕೂರಲಿಲ್ಲ.

ಇದಕ್ಕೊಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. 1855ರಲ್ಲಿ ಐಸೊಸ್ಟಸಿ ಸಿದ್ಧಾಂತವಾಗಿರಲಿಲ್ಲ, ಅದೊಂದು ಊಹೆ. ಅದರ ವಿವರದಲ್ಲಿ ಪ್ರ್ಯಾಟ್ ಮತ್ತು ಏರಿಯೇ ಒಪ್ಪಿರಲಿಲ್ಲ. ಬೇರಿನ ಆಳದಲ್ಲಿ ವ್ಯತ್ಯಾಸವಿದೆಯೆಂದು ಏರಿ ಹೇಳಿದರೆ, ಕಲ್ಲಿನ ಸಾಂದ್ರತೆಯಲ್ಲೇ ವ್ಯತ್ಯಾಸವಿದೆಯೆಂದು ಪ್ರ್ಯಾಟ್ ಹೇಳಿದ. ಅಮೆರಿಕದ ಕ್ಲಾರೆನ್ಸ್ ಡಟನ್ ಅದಕ್ಕೆ ಹೆಸರು ಕೊಟ್ಟು ಸಿದ್ಧಾಂತದ ರೂಪ ಕೊಟ್ಟದ್ದು 1880ರ ದಶಕದಲ್ಲಿ; ಅಮೆರಿಕದಾದ್ಯಂತ ಮಾಡಿದ ಅಳತೆಗಳಿಂದ ಜಾನ್ ಹೇಫರ್ಡ್ ಅದನ್ನು ಗಟ್ಟಿಗೊಳಿಸಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಹಾಗಾದರೆ ಸ್ಕ್ಲೇಟರನನ್ನು ದೂಷಿಸುವುದು ಹೇಗೆ? ದೂಷಣೆಯ ಮಾತು ಇಲ್ಲಿ ಬರುವುದಿಲ್ಲ. ಸ್ಕ್ಲೇಟರ್ ತಪ್ಪು ಮಾಡಿದ್ದು ಕ್ಷಮ್ಯ. ಆದರೆ ಸ್ಯೂಸ್ 1885ರಲ್ಲಿ ಬರೆಯುವ ಹೊತ್ತಿಗೆ ಪ್ರಶ್ನೆ ಹಳೆಯದಾಗಿತ್ತು. ನಂತರದವರು 1910, 1920ರಲ್ಲಿಯೂ ಸಾಗರಗಳಿಗೆ ಅಡ್ಡಲಾಗಿ ಭೂಸೇತುವೆಗಳನ್ನು ಎಬ್ಬಿಸಿ ಮುಳುಗಿಸುತ್ತಿದ್ದಾಗ ಅದನ್ನು ಕ್ಷಮ್ಯ ಎನ್ನುವುದು ಕಷ್ಟ. ಭೂಮಿ ಆರಿ ಕುಗ್ಗುತ್ತಿದೆ ಎಂಬ ಆಧಾರವೂ ಆ ಹೊತ್ತಿಗೆ ಅಲುಗಾಡಿತ್ತು. ಕಲ್ಲುಗಳಲ್ಲಿರುವ ವಿಕಿರಣ ಧಾತುಗಳು ಭೂಮಿಯ ಒಳಗೆ ಹೊಸ ಶಾಖ ಹುಟ್ಟಿಸುತ್ತಿವೆ ಎಂಬುದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ತಿಳಿದಿತ್ತು.

ಇನ್ನು ಖಂಡ ಮುಳುಗಿತೆಂಬುದನ್ನು ಒಪ್ಪದ ಎದುರು ಪಕ್ಷದವರು ಪೂರ್ತಿ ಸರಿಯಾಗಿದ್ದರೇ? ಅವರೂ ಅರ್ಧವನ್ನೇ ಹಿಡಿದಿದ್ದರು. ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ ಖಂಡ ಖಂಡವೇ, ಸಾಗರ ಸಾಗರವೇ, ಆದಿಯಿಂದಲೂ ಹೀಗೇ ಎಂದು ವಾದಿಸಿದ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ಆಳದ ತಳದಿಂದ ಎತ್ತಿದ ಮಣ್ಣು ನೆಲದ ಮರಳು ಜೇಡಿಗಳಂತಿರಲಿಲ್ಲ. ಅದು ಈ ಪಕ್ಷಕ್ಕೆ ಬಲ ಕೊಟ್ಟಿತು. ಆಲ್‌ಫ್ರೆಡ್ ರಸೆಲ್ ವಾಲೇಸ್ 1880ರ ತನ್ನ ದ್ವೀಪಜೀವನ ಕುರಿತ ಗ್ರಂಥದಲ್ಲಿ ಲೆಮೂರಿಯಾವನ್ನು ನೇರವಾಗಿ ತಿರಸ್ಕರಿಸಿದ. ಲೀಮರ್ ಜಾತಿಯ ಪ್ರಾಣಿಗಳ ಪಳೆಯುಳಿಕೆ ಯುರೋಪಿನಲ್ಲಿ, ಅಮೆರಿಕದಲ್ಲಿ ಸಿಕ್ಕಿವೆ. ಒಂದು ಕಾಲದಲ್ಲಿ ಎಲ್ಲೆಡೆ ಹಬ್ಬಿದ್ದ ಬಳಗ ಇಂದು ಮೂಲೆಗಳಲ್ಲಿ ಉಳಿದಿದೆ, ಅದಕ್ಕೆ ಖಂಡ ಯಾಕೆ ಬೇಕು ಎಂಬುದು ಅವನ ಪ್ರಶ್ನೆ. ಲೀಮರ್‌ಗಳ ಮಟ್ಟಿಗೆ ಈ ಉತ್ತರ ಚೆನ್ನಾಗಿತ್ತು. ಆದರೆ ಗ್ಲಾಸಾಪ್ಟೆರಿಸ್‌ಗೆ ಈ ಉತ್ತರ ಸಾಲದು. ಅದರ ದೊಡ್ಡ ಬೀಜಗಳು ಗಾಳಿಯಲ್ಲಿ ಸಾಗರ ದಾಟುವಂಥವಲ್ಲ. ಅದರ ಜೊತೆಗಿದ್ದ ಹಿಮದ ಪದರಗಳಂತೂ ಬೀಜಗಳೇ ಅಲ್ಲ. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಸತ್ತ ರಾಬರ್ಟ್ ಸ್ಕಾಟನ ತಂಡದವರು ಹಸಿವು, ಚಳಿಯಲ್ಲಿಯೂ ಎಸೆಯದೆ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಇದೇ ಎಲೆ ಇತ್ತು. ಅಂಟಾರ್ಕ್ಟಿಕವೂ ಆ ಬಳಗಕ್ಕೆ ಸೇರಿತು. ಖಂಡಗಳು ಕೂಡಿರಲೇ ಇಲ್ಲ ಎನ್ನುವವರು ಈ ಎಲೆಯನ್ನು ನೋಡಿಯೂ ನೋಡದಂತೆ ಮುಂದೆ ಸಾಗಿದರು. ಹೀಗೆ ಒಬ್ಬರ ಕೈಯಲ್ಲಿ ನೆಲಗಳು ಕೂಡಿದ್ದವು ಎಂಬ ಸತ್ಯ, ಇನ್ನೊಬ್ಬರ ಕೈಯಲ್ಲಿ ನೆಲ ಮುಳುಗಲಾರದು ಎಂಬ ಸತ್ಯ. ಎರಡನ್ನೂ ಒಟ್ಟಿಗೆ ಒಪ್ಪಿದರೆ ಮಾತ್ರ ಮೂರನೆಯ ಉತ್ತರ ಕಾಣುತ್ತಿತ್ತು.

ಆ ಮೂರನೆಯ ಉತ್ತರ ಕೊಟ್ಟವನು ಎರಡೂ ಪಕ್ಷಕ್ಕೆ ಸೇರದ ಹವಾಮಾನ ವಿಜ್ಞಾನಿ, ಜರ್ಮನಿಯ ಆಲ್‌ಫ್ರೆಡ್ ವೆಗೆನರ್. 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನ ಉಪನ್ಯಾಸದಲ್ಲಿ, ನಂತರ 1915ರ ಪುಸ್ತಕದಲ್ಲಿ ಅವನು ಖಂಡಗಳು ಚಲಿಸಿವೆ ಎಂದು ವಾದಿಸಿದ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಅಂಚುಗಳು ಹೊಂದುವುದನ್ನು ಅವನು ಗಮನಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅವನ ವಾದದ ಬೆನ್ನೆಲುಬು ನಾನು ಮೇಲೆ ಹೇಳಿದ ಎರಡು ಸತ್ಯಗಳ ಜೋಡಣೆ. ಭೂಮಿಯ ಮೇಲ್ಮೈಯ ಎತ್ತರಗಳನ್ನು ಲೆಕ್ಕ ಹಾಕಿದರೆ ಎರಡು ಮಟ್ಟಗಳು ಎದ್ದು ಕಾಣುತ್ತವೆ ಎಂದು ಅವನು ತೋರಿಸಿದ: ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಮೇಲಿನ ಖಂಡದ ಮಟ್ಟ, ಸುಮಾರು 4,700 ಮೀಟರ್ ಕೆಳಗಿನ ಸಾಗರತಳದ ಮಟ್ಟ. ಖಂಡಗಳು ಬಿದ್ದು ಸಾಗರವಾಗುವುದಾದರೆ ನಡುವಿನ ಎಲ್ಲ ಎತ್ತರಗಳೂ ಹೆಚ್ಚು ಕಡಿಮೆ ಸಮನಾಗಿ ಸಿಗಬೇಕಿತ್ತು. ಎರಡೇ ಮಟ್ಟಗಳಿವೆ ಎಂದರೆ ಅವು ಎರಡು ಬಗೆಯ ಕಲ್ಲುಗಳು, ಒಂದು ಇನ್ನೊಂದಾಗುವುದಿಲ್ಲ. ನೆಲಗಳು ಕೂಡಿದ್ದುದು ನಿಜ, ನೆಲ ಮುಳುಗದಿರುವುದೂ ನಿಜ, ಅಂದಮೇಲೆ ಅವು ಅಡ್ಡಲಾಗಿ ಸರಿದಿರಬೇಕು. ತಾಲ್ಚೇರಿನ ಹಿಮಕ್ಕೂ ಇದೇ ಉತ್ತರ. ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳನ್ನು ಧ್ರುವದ ಸುತ್ತ ಒಟ್ಟಿಗೆ ಇಟ್ಟರೆ ಒಂದೇ ಹಿಮದ ಹಾಸು ಸಾಕು. ಇದ್ದಲ್ಲೇ ಬಿಟ್ಟರೆ ಸಮಭಾಜಕದವರೆಗೂ ಹಿಮ ಹರಡಬೇಕು.

ವೆಗೆನರನಿಗೆ ಸಿಕ್ಕ ಸ್ವಾಗತ ತಣ್ಣಗಿತ್ತು. ಖಂಡವನ್ನು ತಳ್ಳುವ ಬಲ ಯಾವುದು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರಗಳು ದುರ್ಬಲವಾಗಿದ್ದವು, ಅದನ್ನು ಕೇಂಬ್ರಿಜ್‌ನ ಹೆರಾಲ್ಡ್ ಜೆಫ್ರಿಸ್ ಲೆಕ್ಕ ಹಾಕಿ ತೋರಿಸಿದ. 1926ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಗೋಷ್ಠಿಯಲ್ಲಿ ಬಹುಮತ ಅವನ ವಿರುದ್ಧವಿತ್ತು. 1930ರಲ್ಲಿ ಅವನು ಗ್ರೀನ್‌ಲೆಂಡಿನ ಹಿಮದಲ್ಲಿ ಸತ್ತ. ಆಮೇಲೂ ಅಮೆರಿಕದ ಚಾರ್ಲ್ಸ್ ಷೂಕರ್ಟ್ ಮತ್ತು ಬೇಲಿ ವಿಲಿಸ್ 1932ರಲ್ಲಿ ಸಾಗರಗಳ ಮೇಲೆ ಕಿರಿದಾದ ಭೂಸೇತುವೆಗಳನ್ನು ಎಬ್ಬಿಸಿದರು. ಖಂಡ ಮುಳುಗಲಾರದಾದರೆ ಸಣ್ಣ ಸೇತುವೆಯಾದರೂ ಮುಳುಗಲಿ ಎಂಬ ಹೊಂದಾಣಿಕೆ ಅದು. ದಕ್ಷಿಣ ಗೋಳಾರ್ಧದ ಕಲ್ಲುಗಳ ನಡುವೆ ಬದುಕಿದವರು ಮಾತ್ರ ಅಷ್ಟಕ್ಕೆ ಒಪ್ಪಲಿಲ್ಲ. ದಕ್ಷಿಣ ಆಫ್ರಿಕದ ಅಲೆಕ್ಸಾಂಡರ್ ಡು ಟಾಯ್ 1937ರಲ್ಲಿ ಅಲೆದಾಡುವ ಖಂಡಗಳ ಪರವಾಗಿ ದೊಡ್ಡ ಗ್ರಂಥವನ್ನೇ ಬರೆದ. ಲಖನೌದ ಪುರಾಸಸ್ಯ ವಿಜ್ಞಾನಿ ಬೀರಬಲ್ ಸಾಹ್ನಿ 1936ರಲ್ಲಿ ಪಳೆಯುಳಿಕೆ ಗಿಡಗಳ ದೃಷ್ಟಿಯಿಂದ ವೆಗೆನರನ ವಾದವನ್ನು ಪರೀಕ್ಷಿಸಿ ಬರೆದರು. ಭಾರತದ ಗ್ಲಾಸಾಪ್ಟೆರಿಸ್ ಕಾಡುಗಳಿಗೂ ಇಂದು ಅವಕ್ಕೆ ಅಷ್ಟೇನೂ ದೂರವಿಲ್ಲದ ಏಷ್ಯಾದ ಬೇರೆಯೇ ಬಗೆಯ ಕಾಡುಗಳಿಗೂ ಹೋಲಿಕೆ ಇಲ್ಲದಿರುವುದು ಅವರ ಗಮನ ಸೆಳೆಯಿತು. ಹತ್ತಿರವಿರುವ ನೆಲಗಳ ಗಿಡಗಳು ಬೇರೆ, ದೂರವಿರುವ ನೆಲಗಳ ಗಿಡಗಳು ಒಂದೇ ಎಂದರೆ, ಇಂದಿನ ದೂರ ಅಂದಿನ ದೂರವಲ್ಲ.

ತೀರ್ಪು ಬಂದದ್ದು ಕೊನೆಗೆ ಲೆಮೂರಿಯಾ ಮುಳುಗಿದೆಯೆಂದು ಹೇಳಿದ ಜಾಗದಿಂದಲೇ. ಅರಬ್ಬೀ ಸಮುದ್ರದ ನಡುವೆ ನೀರಿನಡಿ ಹಾದುಹೋಗುವ ಪರ್ವತಶ್ರೇಣಿಗೆ ಕಾರ್ಲ್ಸ್‌ಬರ್ಗ್ ಶ್ರೇಣಿ ಎಂದು ಹೆಸರು. ಡೆನ್ಮಾರ್ಕಿನ ಡಾನಾ ಹಡಗು 1928–30ರ ಯಾನದಲ್ಲಿ ಅದನ್ನು ಗುರುತಿಸಿತ್ತು. 1933–34ರಲ್ಲಿ ಈಜಿಪ್ಟಿನ ಮಬಾಹಿಸ್ ಹಡಗಿನಲ್ಲಿ ಹೋದ ಜಾನ್ ಮರ್ರಿ ಯಾನ ಅದನ್ನು ಇನ್ನಷ್ಟು ಅಳೆಯಿತು. 1962ರಲ್ಲಿ ಬ್ರಿಟನ್ನಿನ ಓವೆನ್ ಹಡಗು ಅದೇ ಶ್ರೇಣಿಯ ಒಂದು ತುಂಡಿನ ಮೇಲೆ ಹಿಂದೆ ಮುಂದೆ ಓಡಾಡಿ ತಳದ ಕಲ್ಲಿನ ಕಾಂತತ್ವ ಅಳೆದಾಗ ಡ್ರಮಂಡ್ ಮ್ಯಾಥ್ಯೂಸ್ ಅದರಲ್ಲಿದ್ದ. ಅವನ ವಿದ್ಯಾರ್ಥಿ ಫ್ರೆಡ್ ವೈನ್ ಆ ಅಂಕಿಗಳನ್ನು ಬಿಡಿಸಿದ. ಕಲ್ಲಿನ ಕೆಲವು ಭಾಗಗಳು ಇಂದಿನ ದಿಕ್ಕಿನಲ್ಲಿ, ಇನ್ನು ಕೆಲವು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಕಾಂತವಾಗಿದ್ದವು. ಶ್ರೇಣಿಯ ನಡುವಿನ ಬಿರುಕಿನಲ್ಲಿ ಲಾವಾ ಮೇಲೆ ಬಂದು ಗಟ್ಟಿಯಾಗುತ್ತದೆ, ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಎರಡೂ ಬದಿಗೆ ಸರಿದು ಹೊಸ ಲಾವಾಕ್ಕೆ ಜಾಗ ಬಿಡುತ್ತದೆ. 1963ರ ಸೆಪ್ಟೆಂಬರಿನಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಸಾಗರದ ತಳ ಮುಳುಗಿದ ಹಳೆಯ ಖಂಡವಲ್ಲ, ಹೊಸದಾಗಿ ಹುಟ್ಟುತ್ತಿರುವ ನೆಲ. ಖಂಡದ ತೊಗಟೆ 35ರಿಂದ 40 ಕಿಲೋಮೀಟರ್ ದಪ್ಪದ ಹಗುರ ಕಲ್ಲಾದರೆ, ಇಲ್ಲಿರುವುದು ಏಳೆಂಟು ಕಿಲೋಮೀಟರ್ ದಪ್ಪದ ಭಾರವಾದ ಬಸಾಲ್ಟ್. ದಖ್ಖನ್ನಿನ ಲಾವಾ ಕೂಡ ಸಾಕ್ಷಿ ಹೇಳಿತ್ತು: ನಮ್ಮ ಬೆಳಗಾವಿ, ವಿಜಯಪುರದ ಕಡೆ ಹಬ್ಬಿ ಎರೆಮಣ್ಣಿಗೆ ತಾಯಿಯಾದ ಆ ಕಪ್ಪು ಕಲ್ಲು ಸಮಭಾಜಕದ ದಕ್ಷಿಣಕ್ಕೆ ಇದ್ದಾಗ ಗಟ್ಟಿಯಾಯಿತೆಂದು ಅದರ ಕಾಂತತ್ವ ಅಳೆದ ಬ್ರಿಟಿಷ್ ತಂಡ 1956ರಲ್ಲೇ ತೋರಿಸಿತ್ತು. 1971ರಲ್ಲಿ ಡ್ಯಾನ್ ಮೆಕೆಂಜಿ ಮತ್ತು ಜಾನ್ ಸ್ಕ್ಲೇಟರ್ ಹಿಂದೂ ಮಹಾಸಾಗರ ಹೆಜ್ಜೆಹೆಜ್ಜೆಯಾಗಿ ತೆರೆದುಕೊಂಡ ಬಗೆಯನ್ನು ಬರೆದರು. ಸ್ಕ್ಲೇಟರ್ ಎಂಬ ಒಬ್ಬನು ಆ ಸಾಗರದಲ್ಲಿ ಮುಳುಗಿಸಿದ್ದ ಖಂಡಕ್ಕೆ ಅಲ್ಲಿ ಜಾಗವಿಲ್ಲವೆಂದು ಅದೇ ಉಪನಾಮದ ಇನ್ನೊಬ್ಬನು ತೋರಿಸಿಕೊಟ್ಟ.

ಕೂಡಿದ್ದ ನೆಲ ಬೇರ್ಪಟ್ಟ ಗುರುತು ಕರ್ನಾಟಕದಲ್ಲೂ ಕೈಯಿಂದ ಮುಟ್ಟಿ ನೋಡುವಷ್ಟು ಹತ್ತಿರವಿದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಐದಾರು ಮೂಲೆಗಳ ಕಲ್ಲಿನ ಕಂಬಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಲಾವಾ ಆರುವಾಗ ಕುಗ್ಗಿ ಬಿರುಕು ಬಿಟ್ಟು ಈ ಆಕಾರ ತಾಳಿತು. ಅದರ ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ದಖ್ಖನ್ನಿನ ಲಾವಾಕ್ಕಿಂತ ಎರಡು ಕೋಟಿ ವರ್ಷದಷ್ಟು ಹಳೆಯದಾದ ಇದು, ಮಡಗಾಸ್ಕರ್‌ನಲ್ಲಿ ಅದೇ ಕಾಲಕ್ಕೆ ಉಕ್ಕಿದ ಲಾವಾಕ್ಕೆ ಜೊತೆಯಾಗುತ್ತದೆ. ಭಾರತ ಮತ್ತು ಮಡಗಾಸ್ಕರ್ ಸೀಳಿದ ಕಾಲವೂ ಅದೇ. ಪೂರ್ವ ಮಡಗಾಸ್ಕರ್‌ನ ಅತಿ ಹಳೆಯ ಶಿಲೆಗಳನ್ನು ನಮ್ಮ ಧಾರವಾಡ ಶಿಲಾಸಮೂಹದ ಮುಂದುವರಿಕೆಯೆಂದು ಅನೇಕ ಭೂವಿಜ್ಞಾನಿಗಳು ಎಣಿಸುತ್ತಾರೆ. ಅಂದರೆ ಸ್ಕ್ಲೇಟರ್ ಮತ್ತು ಬ್ಲ್ಯಾನ್‌ಫೋರ್ಡ್ ಕೂಡಿಸಿದ್ದ ಎರಡು ದಡಗಳು ನಿಜಕ್ಕೂ ಕೂಡಿದ್ದವು. ಅವರಿಗೆ ಬೇಕಾದ ನಡುವಿನ ಖಂಡ ಮಾತ್ರ ಇರಲಿಲ್ಲ, ಏಕೆಂದರೆ ನಡುವೆ ಜಾಗವೇ ಇರಲಿಲ್ಲ.

ಹಾಗಾದರೆ ಲೀಮರ್ ಮತ್ತು ಕಾಡುಪಾಪಗಳ ಒಗಟನ್ನು ಖಂಡಗಳ ಚಲನೆ ಬಿಡಿಸಿತೇ? ಬಿಡಿಸಲಿಲ್ಲ. ಈ ಕಥೆಯ ದೊಡ್ಡ ತಿರುವು ಇದು, ಪಠ್ಯಪುಸ್ತಕಗಳು ಇದನ್ನು ನುಂಗಿಬಿಡುತ್ತವೆ. ಭಾರತವನ್ನು ಕೂಡಿಕೊಂಡಿದ್ದ ಮಡಗಾಸ್ಕರ್ ಆಫ್ರಿಕದಿಂದ ಕಳಚಿಕೊಂಡದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ. ಭಾರತ ಅದರಿಂದ ಬೇರ್ಪಟ್ಟದ್ದು 9 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಲೀಮರ್‌ಗಳ ಪೂರ್ವಜರು ಮಡಗಾಸ್ಕರ್ ಸೇರಿದ್ದು 5ರಿಂದ 6 ಕೋಟಿ ವರ್ಷಗಳ ಹಿಂದೆ ಎಂಬುದು ಇಂದಿನ ಅಂದಾಜು. ಅಷ್ಟರಲ್ಲಿ ಮಡಗಾಸ್ಕರ್ ಸುತ್ತಲೂ ನೀರಿತ್ತು. ಬಿರುಗಾಳಿಗೆ ಕಿತ್ತು ಸಮುದ್ರ ಸೇರಿದ ಮರಗಿಡಗಳ ರಾಶಿಯ ಮೇಲೆ ಅವು ಆಫ್ರಿಕದಿಂದ ತೇಲಿ ಬಂದಿರಬೇಕು; ಆ ಕಾಲದ ಸಮುದ್ರದ ಹರಿವು ಅದಕ್ಕೆ ಅನುಕೂಲವಾಗಿತ್ತೆಂದು 2010ರಲ್ಲಿ ಪ್ರಕಟವಾದ ಲೆಕ್ಕಾಚಾರ ತೋರಿಸಿದೆ. ಕಾಡುಪಾಪದ ಬಳಗದ ಹಳೆಯ ಪಳೆಯುಳಿಕೆಗಳು ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಸಿಕ್ಕಿವೆ. ಅವು ಏಷ್ಯಾಕ್ಕೆ ಬಂದದ್ದು ಆಮೇಲಿನ ಕಾಲದಲ್ಲಿ, ನೆಲದ ಹಾದಿಯಲ್ಲೇ. ಅಂದರೆ ಲೀಮರ್‌ಗಳ ವಿಷಯದಲ್ಲಿ ಗೆದ್ದದ್ದು ವಾಲೇಸ್, ಗ್ಲಾಸಾಪ್ಟೆರಿಸ್ ವಿಷಯದಲ್ಲಿ ಗೆದ್ದದ್ದು ಬ್ಲ್ಯಾನ್‌ಫೋರ್ಡ್. ಲೆಮೂರಿಯಾ ಎಂಬ ಒಂದೇ ಹೆಸರಿನಡಿ ಕೋಟ್ಯಂತರ ವರ್ಷಗಳ ಅಂತರವಿದ್ದ ಎರಡು ಬೇರೆ ಪ್ರಶ್ನೆಗಳನ್ನು ಕಟ್ಟಿಹಾಕಲಾಗಿತ್ತು. ಕಾಲದ ಅಳತೆ ಸಿಕ್ಕಮೇಲೆ ಗಂಟು ತಾನಾಗಿ ಬಿಚ್ಚಿತು.

ಇತ್ತೀಚೆಗೆ ಇನ್ನೊಂದು ಆಕ್ಷೇಪ ಕೇಳಿಬರುತ್ತಿದೆ: ವಿಜ್ಞಾನಿಗಳೇ ಈಗ ಮುಳುಗಿದ ಖಂಡಗಳನ್ನು ಕಂಡುಹಿಡಿಯುತ್ತಿದ್ದಾರಲ್ಲ? ನಿಜ. 2013ರಲ್ಲಿ ಮಾರಿಷಸ್‌ನ ಕಡಲತೀರದ ಮರಳಿನಲ್ಲಿ, 2017ರಲ್ಲಿ ಅಲ್ಲಿನ ಲಾವಾ ಕಲ್ಲಿನ ಒಳಗೇ, ಜಿರ್ಕಾನ್ ಎಂಬ ಖನಿಜದ ಹರಳುಗಳು ಸಿಕ್ಕವು. ಕಲ್ಲಿನ ವಯಸ್ಸು 60 ಲಕ್ಷ ವರ್ಷಕ್ಕೂ ಕಡಿಮೆ, ಒಳಗಿನ ಹರಳುಗಳ ವಯಸ್ಸು 250ರಿಂದ 300 ಕೋಟಿ ವರ್ಷ. ಲಾವಾ ಮೇಲೇಳುವಾಗ ಕೆಳಗಿದ್ದ ಹಳೆಯ ಖಂಡದ ಚೂರನ್ನು ಕೆರೆದುಕೊಂಡು ಬಂದಿದೆ. ಆ ಚೂರಿಗೆ ಮಾರಿಷಿಯಾ ಎಂದು ಹೆಸರಿಟ್ಟಿದ್ದಾರೆ. 2017ರಲ್ಲೇ ನ್ಯೂಜಿಲೆಂಡಿನ ಸುತ್ತ ನೀರಿನಡಿ ಇರುವ ಸುಮಾರು 49 ಲಕ್ಷ ಚದರ ಕಿಲೋಮೀಟರಿನ ನೆಲವನ್ನು ಜೀಲಾಂಡಿಯಾ ಎಂಬ ಖಂಡವೆಂದು ಗುರುತಿಸಬೇಕೆಂಬ ವಾದ ಪ್ರಕಟವಾಯಿತು. ಅದರ ಶೇಕಡಾ 94 ಭಾಗ ಮುಳುಗಿದೆ. ಇದರಿಂದ ಲೆಮೂರಿಯಾ ಗೆದ್ದಂತಾಗುವುದಿಲ್ಲ. ಇವು ಸೀಳುವಾಗ ಎಳೆದು ತೆಳುವಾದ ಚೂರುಗಳು. ತೆಳುವಾದದ್ದರಿಂದಲೇ ತಗ್ಗಿದವು, ಹಗುರವಾದದ್ದರಿಂದಲೇ ಸುತ್ತಲಿನ ಸಾಗರತಳಕ್ಕಿಂತ ಇಂದಿಗೂ ಎತ್ತರದಲ್ಲಿವೆ. ಏರಿಯ ಲೆಕ್ಕವನ್ನು ಇವು ಮುರಿಯುವುದಿಲ್ಲ, ಪಾಲಿಸುತ್ತವೆ. ಮಾರಿಷಿಯಾವನ್ನು ಕಂಡುಹಿಡಿದದ್ದೂ ಪ್ರಾಣಿಗಳ ಹೋಲಿಕೆಯಿಂದಲ್ಲ, ಹರಳಿನ ವಯಸ್ಸಿನಿಂದ.

ವಿಜ್ಞಾನದ ಹೊರಗೆ ಲೆಮೂರಿಯಾ ಇನ್ನೂ ಬದುಕಿದೆ. ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ ಅದನ್ನು ಮನುಷ್ಯಕುಲದ ತೊಟ್ಟಿಲೆಂದ; ಮದರಾಸಿನ ಅಡ್ಯಾರಿನಲ್ಲಿ ನೆಲೆನಿಂತ ಥಿಯಾಸಫಿಕಲ್ ಸೊಸೈಟಿಯ ಬ್ಲಾವಟ್ಸ್ಕಿ 1888ರ ಗ್ರಂಥದಲ್ಲಿ ಅಲ್ಲಿ ಒಂದು ಮೂಲಜನಾಂಗವನ್ನೇ ಇರಿಸಿದಳು; ತಮಿಳಿನ ಕೆಲವು ವಿದ್ವಾಂಸರು ತಮ್ಮ ಹಳೆಯ ಕಾವ್ಯಗಳಲ್ಲಿ ಬರುವ, ಕಡಲು ನುಂಗಿದ ಕುಮರಿ ನಾಡಿನ ನೆನಪಿಗೆ ಇದನ್ನು ಜೋಡಿಸಿ ಕುಮರಿ ಕಂಡಂ ಎಂದರು. ಆ ಕಾವ್ಯದ ನೆನಪನ್ನು ತಳ್ಳಿಹಾಕುವ ಅಗತ್ಯವಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ 120 ಮೀಟರಿನಷ್ಟು ಕೆಳಗಿತ್ತು, ಶ್ರೀಲಂಕಾ ಭಾರತಕ್ಕೆ ಅಂಟಿಕೊಂಡಿತ್ತು. ಆಮೇಲೆ ನೀರು ಏರಿ ಕರಾವಳಿಗಳನ್ನು ನುಂಗಿತು. ಚಂಡಮಾರುತ, ಸುನಾಮಿಗಳೂ ನುಂಗಿವೆ. ಆದರೆ ಕರಾವಳಿಯ ಅಂಚು ಬೇರೆ, ಖಂಡ ಬೇರೆ. ಭಾರತ ಮಡಗಾಸ್ಕರ್‌ನಿಂದ ಬೇರಾಗಿ 9 ಕೋಟಿ ವರ್ಷವಾಯಿತು. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ. ಯಾವ ನುಡಿಯ ಯಾವ ಕಾವ್ಯವೂ ಆ ಬೇರ್ಪಡಿಕೆಯನ್ನು ನೆನಪಿಡಲಾರದು.

ಒಟ್ಟಿನಲ್ಲಿ ಸ್ಕ್ಲೇಟರನ ಪ್ರಶ್ನೆಗೆ ಬೆಲೆಯಿತ್ತು, ಉತ್ತರ ತಪ್ಪಾಗಿತ್ತು. ಆ ತಪ್ಪು ಅಷ್ಟು ದೀರ್ಘಕಾಲ ಬಾಳಿದ್ದಕ್ಕೆ ಕಾರಣ ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ ತಿಳಿದವರ ನಡುವಿನ ಗೋಡೆ. ಎಲೆ ಓದುವವರು ತೂಗುಗುಂಡಿನ ಲೆಕ್ಕ ನೋಡಲಿಲ್ಲ, ತೂಗುಗುಂಡಿನವರು ಎಲೆಯನ್ನು ನಂಬಲಿಲ್ಲ. ಆದರೂ ಲೆಮೂರಿಯಾ ವಿಜ್ಞಾನದ ಊಹೆಯೆಂಬ ಮರ್ಯಾದೆಗೆ ಅರ್ಹ, ಏಕೆಂದರೆ ಅದು ಎಲ್ಲಿದೆ ಎಂದು ಹೇಳಿತು. ಆ ಜಾಗಕ್ಕೆ ಹಡಗು ಕಳಿಸಿ ನೋಡಲು ಸಾಧ್ಯವಾಯಿತು. ನೋಡಿದ ಮೇಲೆ ಅದನ್ನು ಕೈಬಿಡಲೂ ಸಾಧ್ಯವಾಯಿತು. ಇನ್ನು ಮುಂದೆ ಯಾರಾದರೂ ಮುಳುಗಿದ ಖಂಡದ ಕಥೆ ಹೇಳಿದರೆ ಓದುಗರು ಮೂರೇ ಪ್ರಶ್ನೆ ಕೇಳಲಿ: ಅಲ್ಲಿಯ ತಳದ ಕಲ್ಲು ಯಾವುದು, ಅದರ ದಪ್ಪ ಎಷ್ಟು, ಅದರ ವಯಸ್ಸು ಎಷ್ಟು? ಈ ಮೂರಕ್ಕೆ ಉತ್ತರವಿದ್ದರೆ ಕೂತು ಕೇಳೋಣ, ಇಲ್ಲದಿದ್ದರೆ ಅದನ್ನು ಕಥೆಯೆಂದೇ ಓದೋಣ.